ವಿಕಿರಣದ ಮದ್ದು ತಯಾರಿಸುವವರ ಬೆರಳ ತುದಿ

"ಅಲ್ಲ ಮಾರಾಯ್ರೆ, ಅವಳಿಗೆ ಸೀಸದ ಕೋಟು ಕೊಡ್ತಾರಂತಲ್ಲ, ಮತ್ತೆ ಹೆದರಿಕೆ ಎಂತದ್ದು?" ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಪರಿಚಯದವರೊಬ್ಬರು, ಮಗಳು ಮಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಸೇರಿದ ಸುದ್ದಿ ಹೇಳುತ್ತಾ ಹೀಗೆ ಕೇಳಿದರು. ಕುಂಬಳೆ, ಮಂಜೇಶ್ವರ, ಪೆರ್ಲ, ಮುಳ್ಳೇರಿಯದ ಎಷ್ಟೋ ಮಕ್ಕಳು ಈಗ ಮಂಗಳೂರು, ಮಣಿಪಾಲದ ಕಡೆ ಇಂಥ ಕೋರ್ಸುಗಳಿಗೆ ಸೇರುತ್ತಾರೆ. ಮನೆಯವರಿಗೆ ಗೊತ್ತಿರುವುದು ಎಕ್ಸ್‌ರೇ ಕೋಣೆ ಮತ್ತು ಅಲ್ಲಿ ನೇತಾಡುವ ದಪ್ಪ ಏಪ್ರನ್. ಹಾಗಾಗಿ ಕೋಟು ಇದ್ದರೆ ಕ್ಷೇಮ ಎಂದು ಅವರು ಅಂದುಕೊಳ್ಳುವುದು ಸಹಜ.

ಆದರೆ ಈ ಕೆಲಸದಲ್ಲಿ ಕೋಟಿನ ಪಾತ್ರ ಚಿಕ್ಕದು. ಕೆಲವು ದಿನ ಅದು ಬರೀ ಭಾರ. ಸಾಮಾನ್ಯ ಏಪ್ರನ್‌ನಲ್ಲಿ 0.5 ಮಿಲಿಮೀಟರ್ ಸೀಸದಷ್ಟು ತಡೆ ಇರುತ್ತದೆ. ಮೂಳೆ ಸ್ಕ್ಯಾನ್, ಹೃದಯದ ಸ್ಕ್ಯಾನ್‌ಗಳಿಗೆ ಬಳಸುವ ಟೆಕ್ನೀಷಿಯಂ-99ಎಂ ಹೊಮ್ಮಿಸುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದರಲ್ಲಿ ಮೂರನೇ ಎರಡು ಭಾಗವನ್ನು ಏಪ್ರನ್ ತಡೆದೀತು. ಪೆಟ್ ಸ್ಕ್ಯಾನ್‌ನ ಫ್ಲೋರಿನ್-18 ವಿಷಯ ಹಾಗಲ್ಲ. ಅದರ ಕಿರಣಗಳ ಶಕ್ತಿ 511. ಅವನ್ನು ಅರ್ಧಕ್ಕೆ ಇಳಿಸಲು ನಾಲ್ಕೈದು ಮಿಲಿಮೀಟರ್ ಸೀಸ ಬೇಕು. ಅರ್ಧ ಮಿಲಿಮೀಟರಿನ ಕೋಟು ಅದರ ನೂರರಲ್ಲಿ ಹತ್ತು ಪಾಲನ್ನೂ ತಡೆಯಲಾರದು. ಏಪ್ರನ್ ಹೊತ್ತವರು ನಿಧಾನವಾಗುತ್ತಾರೆ, ಬೆನ್ನು ನೋವು ತಂದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಏಪ್ರನ್ ಮುಚ್ಚುವುದು ಎದೆ ಹೊಟ್ಟೆಗಳನ್ನು. ಹೆಚ್ಚು ಡೋಸ್ (ದೇಹಕ್ಕೆ ಬೀಳುವ ವಿಕಿರಣದ ಪ್ರಮಾಣ) ತಿನ್ನುವ ಜಾಗ ಕೋಟಿನ ಹೊರಗಿದೆ: ಸಿರಿಂಜ್ ಹಿಡಿದ ಬೆರಳುಗಳ ತುದಿ. ಈ ಲೇಖನದ ಬಹುಪಾಲು ಆ ಬೆರಳ ತುದಿಯ ಬಗ್ಗೆಯೇ.

ಮೊದಲು ಅಲ್ಲಿ ನಡೆಯುವ ಕೆಲಸ ಏನೆಂದು ನೋಡೋಣ. ಎಕ್ಸ್‌ರೇ ಯಂತ್ರಕ್ಕೆ ಸ್ವಿಚ್ ಇದೆ, ಆರಿಸಿದರೆ ಕಿರಣವೂ ನಿಂತಿತು. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಕಿರಣ ಬರುವುದು ಮದ್ದಿನಿಂದಲೇ. ಮದ್ದಿಗೆ ಸ್ವಿಚ್ ಇಲ್ಲ. ವಿಕಿರಣಶೀಲ ಪರಮಾಣುವನ್ನು ಮೂಳೆಗೆ, ಹೃದಯಕ್ಕೆ ಅಥವಾ ಗಡ್ಡೆಗೆ ಹೋಗಿ ಸೇರುವ ರಾಸಾಯನಿಕಕ್ಕೆ ಅಂಟಿಸಿ ರೋಗಿಯ ರಕ್ತನಾಳಕ್ಕೆ ಕೊಡುತ್ತಾರೆ. ದೇಹದಿಂದ ಹೊರಬರುವ ಕಿರಣವನ್ನು ಕ್ಯಾಮೆರಾ ಹಿಡಿಯುತ್ತದೆ. ಆ ಅಂಟಿಸುವ, ಅಳೆಯುವ, ಸಿರಿಂಜಿಗೆ ಎಳೆಯುವ ಕೋಣೆಯೇ ಹಾಟ್ ಲ್ಯಾಬ್.

ಟೆಕ್ನೀಷಿಯಂನ ಅರ್ಧಾಯುಷ್ಯ ಆರೇ ಗಂಟೆ. ಬೆಳಿಗ್ಗೆ ಎಂಟಕ್ಕೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಅರ್ಧ, ರಾತ್ರಿ ಎಂಟಕ್ಕೆ ಕಾಲು. ಇಂಥದ್ದನ್ನು ದೂರದಿಂದ ತರಿಸಿ ಇಟ್ಟುಕೊಳ್ಳಲು ಆಗದು. ಹಾಗಾಗಿ ಅದರ ತಾಯಿ ಧಾತುವಾದ ಮಾಲಿಬ್ಡಿನಂ-99 ಅನ್ನು ಸೀಸದ ಪೆಟ್ಟಿಗೆಯೊಳಗಿನ ಅಲ್ಯೂಮಿನಾ ಕಂಬದಲ್ಲಿ ಹಿಡಿದಿಟ್ಟು ಕಳಿಸುತ್ತಾರೆ. ಅದರ ಅರ್ಧಾಯುಷ್ಯ 66 ಗಂಟೆ, ಅಂದರೆ ಒಂದು ವಾರದ ಕೆಲಸ ನಡೆಯುತ್ತದೆ. ಈ ಪೆಟ್ಟಿಗೆಗೆ ಜನರೇಟರ್ ಎಂದು ಹೆಸರು. ಸಲೈನ್ ಹಾಯಿಸಿದರೆ ಟೆಕ್ನೀಷಿಯಂ ಮಾತ್ರ ಕರಗಿ ಇಳಿಯುತ್ತದೆ, ತಾಯಿ ಒಳಗೇ ಉಳಿಯುತ್ತದೆ. ಹಸುವಿನ ಕೆಚ್ಚಲಿನಂತೆ ಮರುದಿನ ಬೆಳಿಗ್ಗೆಗೆ ಅದು ಮತ್ತೆ ತುಂಬಿರುತ್ತದೆ.

ಹೀಗೆ ಇಳಿಸಿಕೊಂಡದ್ದನ್ನು ಕಿಟ್ ವಯಲಿಗೆ, ಅಂದರೆ ಆಯಾ ಅಂಗಕ್ಕೆ ಹೋಗುವ ರಾಸಾಯನಿಕ ಇರುವ ಚಿಕ್ಕ ಬಾಟಲಿಗೆ ಸೇರಿಸಬೇಕು. ಮೂಳೆಗೆ ಎಂಡಿಪಿ, ಮೂತ್ರಪಿಂಡಕ್ಕೆ ಡಿಟಿಪಿಎ, ಹೃದಯಕ್ಕೆ ಮಿಬಿ. ಮಿಬಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಇಡಬೇಕು. ಕುದಿಸುವಾಗ ವಯಲ್ ಸೀಸದ ಡಬ್ಬಿಯಿಂದ ಹೊರಗೆ ಬರುತ್ತದೆ, ಒಳಗೆ ನೂರು ಮಿಲಿಕ್ಯೂರಿಗೂ (ಮದ್ದಿನ ವಿಕಿರಣಶೀಲತೆಯ ಅಳತೆ) ಹೆಚ್ಚು ಮದ್ದಿರಬಹುದು. ಸಮಯವಾಯಿತೆಂದು ಅದನ್ನು ಎತ್ತಿ ಡಬ್ಬಿಗೆ ಹಾಕುವುದು ಎರಡು ಸೆಕೆಂಡಿನ ಕೆಲಸ. ಉದ್ದನೆಯ ಇಕ್ಕಳ ಎಲ್ಲಿದೆ ಎಂದು ಹುಡುಕಬೇಕಾದರೆ ಐದು ಸೆಕೆಂಡು. ಕೈಗೆ ಗ್ಲೌಸ್ ಇದೆಯಲ್ಲ ಎಂದು ಬೆರಳಿನಲ್ಲೇ ಎತ್ತುವವರನ್ನು ನಾನು ನೋಡಿದ್ದೇನೆ. ಗ್ಲೌಸ್ ಹನಿಯನ್ನು ತಡೆಯುತ್ತದೆ. ಗಾಮಾ ಕಿರಣದ ಪಾಲಿಗೆ ಅದು ಇಲ್ಲವೇ ಇಲ್ಲ.

ಮುಟ್ಟಿದಾಗ ಆಗುವುದು

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ತಾಳ್ಮೆ ಇರಲಿ. ಪೆಟ್ ಸ್ಕ್ಯಾನಿಗೆ ಒಬ್ಬ ರೋಗಿಗೆ ಹತ್ತು ಮಿಲಿಕ್ಯೂರಿ, ಅಂದರೆ 370 ಮೆಗಾಬೆಕ್ವೆರಲ್ ಎಫ್‌ಡಿಜಿ (ಸಕ್ಕರೆಯಂಥ ಅಣುವಿಗೆ ಫ್ಲೋರಿನ್-18 ಅಂಟಿಸಿದ ಮದ್ದು) ಎಂದುಕೊಳ್ಳಿ. ಅದು ತುಂಬಿದ ಬರೀ ಪ್ಲಾಸ್ಟಿಕ್ ಸಿರಿಂಜನ್ನು ಹಿಡಿದರೆ, ಮದ್ದು ಇರುವ ಭಾಗಕ್ಕೆ ತಾಗಿದ ಚರ್ಮಕ್ಕೆ ಗಂಟೆಗೆ ಸುಮಾರು ಸಾವಿರ ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ) ದರದಲ್ಲಿ ಡೋಸ್ ಬೀಳುತ್ತದೆ. ಹತ್ತು ಸೆಕೆಂಡಿಗೆ ಮೂರು ಮಿಲಿಸೀವರ್ಟ್‌ನ ಹತ್ತಿರ. ಕೈಗೆ, ಚರ್ಮಕ್ಕೆ ಇಡೀ ವರ್ಷದ ಮಿತಿ 500. ದಿನಕ್ಕೆ ಹತ್ತು ರೋಗಿ, ಪ್ರತಿ ಸಲ ಹತ್ತು ಸೆಕೆಂಡು ಎಂದರೆ ಮೂರು ವಾರ ತುಂಬುವುದರೊಳಗೆ ವರ್ಷದ ಕೋಟಾ ಮುಗಿಯುತ್ತದೆ. ಯಾರೂ ಹೀಗೆ ಬರಿಗೈಯಲ್ಲಿ ವರ್ಷವಿಡೀ ಕೆಲಸ ಮಾಡುವುದಿಲ್ಲ, ನಿಜ. ಆದರೆ "ಒಂದು ಕ್ಷಣ ತಾನೇ" ಎಂದು ಮುಟ್ಟಿದ್ದರ ಬೆಲೆ ಎಷ್ಟೆಂದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಅದೇ ಹೊತ್ತಿನಲ್ಲಿ ಆ ವ್ಯಕ್ತಿಯ ಎದೆಗೆ ಸಿಕ್ಕಿಸಿದ, ಡೋಸ್ ಅಳೆಯುವ ಬ್ಯಾಡ್ಜ್ ಏನು ಹೇಳುತ್ತದೆ? ಹೆಚ್ಚೇನೂ ಹೇಳುವುದಿಲ್ಲ. ಚಿಕ್ಕ ಆಕರದಿಂದ ದೂರ ಹೋದಂತೆ ಡೋಸ್ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಒಂದು ಸೆಂಟಿಮೀಟರ್‌ನಲ್ಲಿ ನೂರು ಇದ್ದದ್ದು ಹತ್ತು ಸೆಂಟಿಮೀಟರ್‌ನಲ್ಲಿ ಒಂದು. ಎದೆ ಅರ್ಧ ಮೀಟರ್ ದೂರದಲ್ಲಿ, ನಡುವೆ ಸೀಸದ ಗೋಡೆಯ ಹಿಂದೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಬರುವ ರಿಪೋರ್ಟಿನಲ್ಲಿ ಎದೆಯ ಲೆಕ್ಕ ಚೊಕ್ಕವಾಗಿ ಇದ್ದೂ ಬೆರಳಿನ ಲೆಕ್ಕ ಮಿತಿಯ ಹತ್ತಿರ ಇರಬಹುದು. ಈ ವ್ಯತ್ಯಾಸವೇ ವಿಭಾಗದ ಹೊಸಬರಿಗೆ ಮೊದಲು ಅರ್ಥವಾಗಬೇಕಾದದ್ದು.

ಕಿರಣಗಳ ಚರಿತ್ರೆಯಲ್ಲಿ ಮೊದಲು ಸೋತದ್ದೂ ಕೈಗಳೇ. ಎಡಿಸನ್ ಬಳಿ ಎಕ್ಸ್‌ರೇ ಪ್ರಯೋಗ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಆಗ ಮಿತಿ ಎಂಬುದೇ ಇರಲಿಲ್ಲ. ಇಂದಿನ ಹಾಟ್ ಲ್ಯಾಬ್‌ನಲ್ಲಿ ಆ ಮಟ್ಟದ ಡೋಸ್ ಯಾರಿಗೂ ಬೀಳುವುದಿಲ್ಲ. ಆದರೂ ವರ್ಷಗಟ್ಟಲೆ ಸೇರುತ್ತಾ ಹೋಗುವ ಜಾಗ ಅದೇ.

ಯುರೋಪಿನಲ್ಲಿ 2008ರಿಂದ 2011ರವರೆಗೆ ಒರಾಮೆಡ್ ಎಂಬ ಯೋಜನೆ ನಡೆಯಿತು. ಹಲವು ಆಸ್ಪತ್ರೆಗಳ ಸಿಬ್ಬಂದಿಯ ಕೈಯ ಬೇರೆ ಬೇರೆ ಜಾಗಗಳಲ್ಲಿ ಚಿಕ್ಕ ಡೋಸಿಮೀಟರ್‌ಗಳನ್ನು ಅಂಟಿಸಿ ಅಳೆದರು. ಹೆಚ್ಚಿನವರಲ್ಲಿ ಅತಿ ಹೆಚ್ಚು ಡೋಸ್ ಬಿದ್ದದ್ದು ಬಲಗೈಗಲ್ಲ, ಎಡಗೈಯ ತೋರುಬೆರಳಿನ ತುದಿಗೆ. ಎಡಚರಿಗಾದರೆ ಬಲಗೈಗೆ. ಕಾರಣ ಯೋಚಿಸಿದರೆ ಸರಳ: ಪಳಗಿದ ಕೈ ಪ್ಲಂಜರ್ ಎಳೆಯುತ್ತದೆ, ಸೂಜಿಗೆ ಮುಚ್ಚಳ ಹಾಕುತ್ತದೆ, ಅದು ಚುರುಕಾಗಿ ಬಂದು ಹೋಗುತ್ತದೆ. ಇನ್ನೊಂದು ಕೈ ಸಿರಿಂಜನ್ನೋ ವಯಲನ್ನೋ ಅಲುಗದಂತೆ ಹಿಡಿದು ನಿಂತಿರುತ್ತದೆ. ಡೋಸ್ ತಿನ್ನುವುದು ಹಿಡಿದು ನಿಂತ ಕೈ.

ಆ ಯೋಜನೆಯ ಇನ್ನೊಂದು ಮಾತನ್ನು ಪ್ರತಿ ಹಾಟ್ ಲ್ಯಾಬ್‌ನ ಗೋಡೆಗೆ ಅಂಟಿಸಬೇಕೆಂದು ನನ್ನ ಅಭಿಪ್ರಾಯ. ಬೇಗ ಕೆಲಸ ಮುಗಿಸುವುದರಿಂದ ಸಿಗುವ ರಕ್ಷಣೆಗಿಂತ ತಡೆ ಬಳಸುವುದರಿಂದ, ದೂರ ಹೆಚ್ಚಿಸುವುದರಿಂದ ಸಿಗುವುದು ದೊಡ್ಡದು ಎಂದು ಅದು ಕಂಡುಕೊಂಡಿತು. ನಮ್ಮ ಪಾಠಗಳಲ್ಲಿ ಸಮಯ, ದೂರ, ತಡೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಡುತ್ತಾರೆ. ಸಮಯವೇ ಮೊದಲು ಬರುವುದರಿಂದಲೋ ಏನೋ, ಕೈಚಳಕ ಇದ್ದವರೇ ಸುರಕ್ಷಿತರು ಎಂಬ ಭಾವನೆ ಬೇರೂರಿದೆ. ಹಿರಿಯ ಟೆಕ್ನಾಲಜಿಸ್ಟ್ ಒಬ್ಬರು ತಡೆಯಿಲ್ಲದ ಸಿರಿಂಜನ್ನು ಮಿಂಚಿನ ವೇಗದಲ್ಲಿ ತುಂಬಿಸುವುದನ್ನು ಹೊಸಬರು ಬೆರಗಿನಿಂದ ನೋಡಿ ಕಲಿಯುತ್ತಾರೆ. ವೇಗ ಎರಡು ಪಟ್ಟಾದರೆ ಡೋಸ್ ಅರ್ಧವಾಗುತ್ತದೆ, ಅಷ್ಟೇ. ಬೆರಳನ್ನು ಒಂದು ಸೆಂಟಿಮೀಟರಿನಿಂದ ಮೂರಕ್ಕೆ ಸರಿಸಿದರೆ ಒಂಬತ್ತನೇ ಒಂದು ಭಾಗ. ಸಿರಿಂಜನ್ನು ಮದ್ದು ಇರುವ ಕಡೆ ಹಿಡಿಯದೆ ಪ್ಲಂಜರಿನ ತುದಿಯಲ್ಲಿ ಹಿಡಿಯುವ ಅಭ್ಯಾಸ ಒಂದಕ್ಕೇ ಇಷ್ಟು ಬಲವಿದೆ. ಅದಕ್ಕೆ ಪೈಸೆ ಖರ್ಚಿಲ್ಲ. ಐದು ಎಂಎಲ್ ಸಿರಿಂಜಿನಲ್ಲಿ ಎರಡೇ ಎಂಎಲ್ ಮದ್ದು ಎಳೆದರೆ ಬೆರಳಿಗೆ ಖಾಲಿ ಜಾಗ ಸಿಗುತ್ತದೆ, ಎರಡು ಎಂಎಲ್ ಸಿರಿಂಜನ್ನು ತುಂಬ ತುಂಬಿಸಿದರೆ ಸಿಗುವುದಿಲ್ಲ.

ಹಾಗೆಂದು ನಿಧಾನ ಮಾಡಿ ಎಂದಲ್ಲ. ಮದ್ದಿಲ್ಲದ ಸಿರಿಂಜಿನಲ್ಲಿ, ಬಣ್ಣದ ನೀರಿನಲ್ಲಿ, ತಡೆ ಹಾಕಿಕೊಂಡೇ ಕೈ ಪಳಗುವವರೆಗೆ ಅಭ್ಯಾಸ ಮಾಡಿದರೆ ವೇಗ ತಾನಾಗಿ ಬರುತ್ತದೆ.

ಸೀಸ, ಟಂಗ್‌ಸ್ಟನ್, ಪರ್ಸ್‌ಪೆಕ್ಸ್

ಹಾಟ್ ಲ್ಯಾಬ್‌ನ ಮೇಜಿನ ಮೇಲೆ ಇಂಗ್ಲಿಷ್ ಎಲ್ ಅಕ್ಷರದ ಆಕಾರದ ಸೀಸದ ಗೋಡೆ ಇರುತ್ತದೆ, ಎಲ್-ಬೆಂಚ್ ಎನ್ನುತ್ತಾರೆ. ಮುಖದ ಎದುರಿಗೆ ಸೀಸ ಬೆರೆಸಿದ ದಪ್ಪ ಗಾಜು. ಕೈಗಳು ಎರಡೂ ಬದಿಯಿಂದ ಒಳಗೆ ಹೋಗುತ್ತವೆ, ದೇಹ ಮತ್ತು ಕಣ್ಣು ಹಿಂದೆ ಉಳಿಯುತ್ತವೆ. ಕುಳ್ಳಗಿರುವವರು ತುದಿಗಾಲಲ್ಲಿ ನಿಂತು, ಎತ್ತರದವರು ಬಗ್ಗಲು ಬೇಸರವಾಗಿ, ಗಾಜಿನ ಮೇಲಿಂದ ಇಣುಕಿದರೆ ಅದರ ಉಪಯೋಗವೇ ಹೋಯಿತು. ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಎಂದಿದ್ದ ಮಿತಿಯನ್ನು 20 ಮಿಲಿಸೀವರ್ಟ್‌ಗೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲೇ ಹೇಳಿತು, ಕಣ್ಣಿನ ಪೊರೆ ಹಿಂದೆ ಅಂದುಕೊಂಡದ್ದಕ್ಕಿಂತ ಕಡಿಮೆ ಡೋಸಿಗೇ ಬರಬಹುದು ಎಂಬ ಕಾರಣಕ್ಕೆ. ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳುವುದು ಇಲ್ಲಿ ವಿಕಿರಣ ರಕ್ಷಣೆಯ ಕೆಲಸವೇ.

ಸಿರಿಂಜಿಗೆ ಟಂಗ್‌ಸ್ಟನ್ ಕವಚ. ಟೆಕ್ನೀಷಿಯಂಗೆ ಎರಡು ಮಿಲಿಮೀಟರ್ ಸಾಕು, ಪಕ್ಕಕ್ಕೆ ಬರುವ ಕಿರಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಅದು ನುಂಗುತ್ತದೆ. ಫ್ಲೋರಿನ್-18ಕ್ಕೆ ಐದು ಮಿಲಿಮೀಟರ್ ಇದ್ದರೂ ಗಾಮಾದಲ್ಲಿ ಮೂರನೆಯ ಒಂದು ಪಾಲಿನಷ್ಟು ಹೊರಬಂದೀತು. ಆದರೆ ಫ್ಲೋರಿನ್-18 ಹೊಮ್ಮಿಸುವ, ಪ್ಲಾಸ್ಟಿಕ್ ದಾಟಿ ಬರುವ ಧನ ವಿದ್ಯುತ್ತಿನ ಕಣಗಳಾದ ಪಾಸಿಟ್ರಾನ್‌ಗಳು ಪೂರ್ತಿ ನಿಲ್ಲುತ್ತವೆ, ಚರ್ಮಕ್ಕೆ ಅದರಿಂದ ದೊಡ್ಡ ಲಾಭ. ಟೆಕ್ನೀಷಿಯಂ ವಯಲಿಗೆ ಎರಡು ಮಿಲಿಮೀಟರ್ ಸೀಸ ಸಾಕಾದರೆ ಎಫ್‌ಡಿಜಿ ವಯಲಿಗೆ ಮೂರು ಸೆಂಟಿಮೀಟರ್ ಬೇಕು. ಒಂದರ ಡಬ್ಬಿಯಲ್ಲಿ ಇನ್ನೊಂದನ್ನು ಇಟ್ಟು ನೆಮ್ಮದಿಯಿಂದ ಇರುವಂತಿಲ್ಲ.

ಕವಚದ ಬಗ್ಗೆ ದೂರುಗಳು ಸುಳ್ಳಲ್ಲ. ಭಾರ, ಗಾಜಿನ ಕಿಂಡಿಯಲ್ಲಿ ಗೆರೆಗಳು ಸರಿಯಾಗಿ ಕಾಣುವುದಿಲ್ಲ, ಮದ್ದಿನ ಬಲ ತೋರಿಸುವ ಡೋಸ್ ಕ್ಯಾಲಿಬ್ರೇಟರ್‌ನಲ್ಲಿ ಅಳೆಯಲು ಪ್ರತಿ ಸಲ ಬಿಚ್ಚಬೇಕು. ಅದಕ್ಕೇ ಎಷ್ಟೋ ಕಡೆ ಅವು ಕಪಾಟಿನಲ್ಲಿ ಹೊಸದರಂತೆ ಹೊಳೆಯುತ್ತಾ ಕೂತಿರುತ್ತವೆ, ಇನ್‌ಸ್ಪೆಕ್ಷನ್ ದಿನ ಹೊರಬರುತ್ತವೆ. ಇದರಲ್ಲಿ ಸಿಬ್ಬಂದಿಯದ್ದೇ ತಪ್ಪು ಎಂದು ನಾನು ಹೇಳಲಾರೆ. ಮೂರು ಅಳತೆಯ ಸಿರಿಂಜಿಗೆ ಒಂದೇ ಅಳತೆಯ ಕವಚ ಕೊಟ್ಟು, ದಿನಕ್ಕೆ ಇಪ್ಪತ್ತು ರೋಗಿಗಳನ್ನು ನೋಡಿ ಎಂದರೆ ಯಾರಾದರೂ ಅದನ್ನು ಬಿಚ್ಚಿಡುತ್ತಾರೆ. ಮದ್ದನ್ನು ತಾನೇ ಅಳೆದು ಎಳೆದು ಕೊಡುವ ಯಂತ್ರಗಳೂ ಇವೆ. ಬೆಲೆ ಕೇಳಿದರೆ ಆಡಳಿತದವರು ಮಾತು ಬದಲಿಸುತ್ತಾರೆ.

ಚಿಕಿತ್ಸೆಗೆ ಬಳಸುವ ಕೆಲವು ಮದ್ದುಗಳಲ್ಲಿ ಸೀಸ ಒಂದೇ ಸಾಲದು. ಯಕೃತ್ತಿನ ಗಡ್ಡೆಗೆ ಕೊಡುವ ಯಿಟ್ರಿಯಂ-90 ಹೊಮ್ಮಿಸುವುದು ಬಲವಾದ ಬೀಟಾ ಕಣಗಳನ್ನು. ಬೀಟಾ ಕಣ ಸೀಸದಂಥ ಭಾರದ ಧಾತುವಿನಲ್ಲಿ ಥಟ್ಟನೆ ನಿಂತಾಗ ಅಲ್ಲೇ ಎಕ್ಸ್‌ರೇ ಹುಟ್ಟುತ್ತದೆ. ಆದ್ದರಿಂದ ಒಳಗೆ ಒಂದು ಸೆಂಟಿಮೀಟರ್ ಪರ್ಸ್‌ಪೆಕ್ಸ್ (ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್), ಅದರಾಚೆ ಬೇಕಿದ್ದರೆ ಸೀಸ. ಕ್ರಮ ತಿರುವುಮುರುವು ಆಗಬಾರದು.

ಮೂಗಿನಿಂದ ಒಳಗೆ ಹೋಗುವುದು

ನಮ್ಮ ಕಡೆಯವರಿಗೆ ಕಾಣದ ವಿಷದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಮನೆಗಳಲ್ಲಿ ಅದರ ಫಲ, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ, ಎಲ್ಲವೂ ಕಣ್ಣೆದುರಿನದ್ದು. ಹಾಗಾಗಿ "ಇದೂ ಅದರ ಹಾಗೆಯೇ ಅಲ್ಲವಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಒಂದು ದೊಡ್ಡ ವ್ಯತ್ಯಾಸವಿದೆ. ಆಗ ಬಾವಿ ನೀರಿನಲ್ಲಿ ಏನಿದೆ ಎಂದು ತಿಳಿಯಲು ಊರಿನವರ ಕೈಯಲ್ಲಿ ಯಾವ ಸಾಧನವೂ ಇರಲಿಲ್ಲ. ವಿಕಿರಣದ ಒಂದು ಹನಿ ಮೇಜಿನ ಮೇಲೆ ಬಿದ್ದರೆ ಕೈಯಲ್ಲಿ ಹಿಡಿಯುವ ಮೀಟರ್ ಅದನ್ನು ಸೆಕೆಂಡಿನಲ್ಲಿ ಕೂಗಿ ಹೇಳುತ್ತದೆ. ಕಾಲ ಕಳೆದಂತೆ ಅದು ತಾನಾಗಿ ಸಾಯುತ್ತದೆ ಕೂಡ. ಹತ್ತು ಅರ್ಧಾಯುಷ್ಯ ದಾಟಿದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಶುಕ್ರವಾರ ಸಂಜೆ ಆರಕ್ಕೆ ಮುಚ್ಚಿಟ್ಟ ಟೆಕ್ನೀಷಿಯಂ ಕಸ ಸೋಮವಾರ ಬೆಳಿಗ್ಗೆ ಆರಕ್ಕೆ ಆ ಮಟ್ಟಕ್ಕೆ ಬಂದಿರುತ್ತದೆ. ಅಯೋಡಿನ್-131ರ ಕಸಕ್ಕಾದರೆ ಎಂಬತ್ತು ದಿನ ಬೇಕು. ಆ ದಿನಗಳನ್ನು ತಾರೀಕು ಬರೆದ ಡ್ರಮ್ಮಿನಲ್ಲಿ ಕಾಯಲೇಬೇಕು, ಮೀಟರ್ ಹಿಡಿದು ನೋಡಿಯೇ ಹೊರಗೆ ಬಿಡಬೇಕು.

ಆದರೆ ಈ ಅಯೋಡಿನ್-131 ಎಚ್ಚರ ಬೇಡುವ ಸಾಮಾನು. ಥೈರಾಯ್ಡ್ ಹೆಚ್ಚಾದವರಿಗೆ, ಥೈರಾಯ್ಡ್ ಕ್ಯಾನ್ಸರಿನವರಿಗೆ ಕೊಡುವ ಮದ್ದು ಇದು. ದ್ರವ ರೂಪದಲ್ಲಿದ್ದಾಗ ಆವಿಯಾಗುವ ಗುಣವಿದೆ, ಆಮ್ಲ ಬೆರೆತರೆ ಇನ್ನೂ ಹೆಚ್ಚು. ಮುಚ್ಚಿಟ್ಟ ವಯಲಿನ ಮೇಲ್ಭಾಗದ ಗಾಳಿಯಲ್ಲಿ ಸೇರಿಕೊಂಡ ಅಯೋಡಿನ್, ಮುಚ್ಚಳ ತೆರೆದ ಕೂಡಲೇ ಎದುರಿಗಿರುವವರ ಮೂಗಿಗೆ ಬರುತ್ತದೆ. ಒಳಗೆ ಹೋದದ್ದು ನೇರ ಥೈರಾಯ್ಡಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಯಾವ ಸೀಸವೂ ಕಾಯುವುದಿಲ್ಲ. ಆದ್ದರಿಂದ ಗಾಳಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನ ಒಳಗೇ ತೆರೆಯಬೇಕು, ಎರಡು ಜೊತೆ ಗ್ಲೌಸ್ ಹಾಕಬೇಕು, ಹೊರಗಿನದನ್ನು ಆಗಾಗ ಬದಲಿಸಬೇಕು, ಸಾಧ್ಯವಿದ್ದಲ್ಲಿ ದ್ರವದ ಬದಲು ಕ್ಯಾಪ್ಸೂಲ್ ತರಿಸಬೇಕು. ಈ ಕೆಲಸ ಮಾಡುವವರ ಕುತ್ತಿಗೆಗೆ ಆಗಾಗ ಪ್ರೋಬ್ ಹಿಡಿದು ಥೈರಾಯ್ಡಿನಲ್ಲಿ ಏನಾದರೂ ಸೇರಿದೆಯೇ ಎಂದು ನೋಡಬೇಕು. ಆಟಿ ತಿಂಗಳ ಮಳೆಗೆ ನಮ್ಮ ಕರಾವಳಿಯಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಆ ಹುಡ್‌ನ ಫ್ಯಾನಿಗೆ ಆಸ್ಪತ್ರೆಯ ಡೀಸೆಲ್ ಜನರೇಟರಿನಿಂದ ಲೈನ್ ಇದೆಯೇ ಎಂದು ವಿಚಾರಿಸಿದವರು ನನಗೆ ಕಂಡದ್ದು ಕಡಿಮೆ.

ಗಾಳಿಯ ವಿಷಯದಲ್ಲಿ ಈ ಕೋಣೆಗೆ ಇನ್ನೊಂದು ಇಕ್ಕಟ್ಟಿದೆ. ರಕ್ತಕ್ಕೆ ಕೊಡುವ ಮದ್ದು ತಯಾರಾಗುವ ಜಾಗದಲ್ಲಿ ಗಾಳಿ ಒಳಗಿನಿಂದ ಹೊರಗೆ ತಳ್ಳುವಂತಿರಬೇಕು, ಧೂಳು, ಕೀಟಾಣು ಒಳಗೆ ಬರಬಾರದು. ವಿಕಿರಣಶೀಲ ವಸ್ತು ಇರುವ ಜಾಗದಲ್ಲಿ ಗಾಳಿ ಹೊರಗಿನಿಂದ ಒಳಗೆ ಎಳೆಯುವಂತಿರಬೇಕು, ಆವಿ ಹೊರಗೆ ಹರಡಬಾರದು. ರೋಗಿಗೆ ಒಳ್ಳೆಯದು ಸಿಬ್ಬಂದಿಗೆ ಕೆಟ್ಟದ್ದು, ಸಿಬ್ಬಂದಿಗೆ ಒಳ್ಳೆಯದು ರೋಗಿಗೆ ಕೆಟ್ಟದ್ದು. ಶುದ್ಧ ಗಾಳಿಯ ಮುಚ್ಚಿದ ಪೆಟ್ಟಿಗೆಯನ್ನು ಕಡಿಮೆ ಒತ್ತಡದ ಕೋಣೆಯೊಳಗೆ ಇಟ್ಟು ಈ ಗಂಟನ್ನು ಬಿಡಿಸುತ್ತಾರೆ. ಎಕ್ಸ್‌ರೇ ವಿಭಾಗದಲ್ಲಿ ಈ ತಲೆನೋವು ಇಲ್ಲ.

ಹನಿ ಚೆಲ್ಲಿದರೆ? ಮುಚ್ಚಿಡಬಾರದು, ಎರಡು ಅರ್ಥದಲ್ಲೂ: ನಡೆದದ್ದನ್ನು ಹೇಳಬೇಕು, ಹೀರುವ ಕಾಗದ ಹಾಕಿ ಹೊರ ಅಂಚಿನಿಂದ ಒಳಕ್ಕೆ ಒರೆಸಬೇಕು, ಉಳಿದದ್ದಕ್ಕೆ ಗುರುತು ಹಾಕಬೇಕು. ಚರ್ಮಕ್ಕೆ ಬಿದ್ದರೆ ಉಗುರು ಬೆಚ್ಚಗಿನ ನೀರು, ಸೋಪು ಸಾಕು. ಬ್ರಷ್ ಹಾಕಿ ತಿಕ್ಕಬಾರದು. ತರಚಿದ ಚರ್ಮ ಮದ್ದಿಗೆ ಬಾಗಿಲು ತೆರೆದು ಕೊಡುತ್ತದೆ. ಗ್ಲೌಸ್ ಹಾಕಿಕೊಂಡೇ ಮೊಬೈಲ್ ಎತ್ತುವ ಚಟ ಬಿಟ್ಟರೆ ಅರ್ಧ ಕಾಟ ತಪ್ಪುತ್ತದೆ.

ತಲಪಾಡಿ ದಾಟಿ ಬರುವವರು

ಸಿಬ್ಬಂದಿಯ ಡೋಸ್ ರೋಗಿಯ ಸಮಯಪಾಲನೆಯ ಮೇಲೂ ನಿಂತಿದೆ ಎಂದರೆ ಹಲವರು ನಂಬುವುದಿಲ್ಲ. ಎಫ್‌ಡಿಜಿಯ ಅರ್ಧಾಯುಷ್ಯ 110 ನಿಮಿಷ. ಬೆಂಗಳೂರಿನಂಥ ದೂರದ ಊರಿನಿಂದ ರಸ್ತೆಯಲ್ಲಿ ಏಳೂಕಾಲು ಏಳೂವರೆ ಗಂಟೆ ಬಂದರೆ ನಾಲ್ಕು ಅರ್ಧಾಯುಷ್ಯ ಕಳೆದು ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಇಂಥ ಮದ್ದನ್ನು ಇಂಥ ಹೊತ್ತಿಗೆ ಇಂಥವರಿಗೆ ಎಂದು ಲೆಕ್ಕ ಹಾಕಿ ಎಳೆದಿಡುತ್ತಾರೆ. ಕಾಸರಗೋಡಿನಿಂದ ತಲಪಾಡಿ ಗಡಿಯ ದಾರಿಯಾಗಿ ಮಂಗಳೂರಿಗೆ ಹೊರಟವರು ಹೆದ್ದಾರಿಯ ಗೊಂದಲದಲ್ಲಿ ಉಪ್ಪಳದಲ್ಲೋ ಹೊಸಂಗಡಿಯಲ್ಲೋ ಸಿಕ್ಕಿಬಿದ್ದು ಒಂದೂವರೆ ಗಂಟೆ ತಡವಾದರೆ, ಎಳೆದಿಟ್ಟ ಸಿರಿಂಜ್ ಬಲ ಕಳೆದುಕೊಂಡಿರುತ್ತದೆ. ಮತ್ತೆ ವಯಲ್ ತೆಗೆಯಬೇಕು, ಮತ್ತೆ ಎಳೆಯಬೇಕು, ಮತ್ತೆ ಅಳೆಯಬೇಕು. ಅದೇ ಬೆರಳಿಗೆ ಎರಡನೇ ಸುತ್ತು. ಸಕ್ಕರೆ ಕಾಯಿಲೆ ಇದ್ದವರ ರಕ್ತ ನೋಡುವ ಮೊದಲೇ ಡೋಸ್ ಎಳೆದು, ಆಮೇಲೆ ಸಕ್ಕರೆ ಇನ್ನೂರೈವತ್ತು ಎಂದು ಗೊತ್ತಾಗಿ ಸ್ಕ್ಯಾನ್ ಮುಂದಕ್ಕೆ ಹಾಕಬೇಕಾಗಿ ಬಂದರೂ ಇದೇ ಕತೆ. ಬೆಳಿಗ್ಗೆ ಫೋನ್ ಮಾಡಿ "ಎಲ್ಲಿ ತಲುಪಿದಿರಿ ಅಣ್ಣ?" ಎಂದು ಕೇಳುವ ರಿಸೆಪ್ಷನಿನ ಹುಡುಗಿಗೆ ತಾನು ವಿಕಿರಣ ರಕ್ಷಣೆ ಮಾಡುತ್ತಿದ್ದೇನೆಂದು ಗೊತ್ತಿರಲಿಕ್ಕಿಲ್ಲ.

ಚುಚ್ಚಿದ ಮೇಲೆ ರೋಗಿಯೇ ಆಕರ. ಹತ್ತು ಮಿಲಿಕ್ಯೂರಿ ಎಫ್‌ಡಿಜಿ ತೆಗೆದುಕೊಂಡವರಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 34 ಮೈಕ್ರೋಸೀವರ್ಟ್ ಬರುತ್ತದೆ. ಇಲ್ಲಿ ಗಡಿನಾಡಿನ ಭಾಷೆಗಳ ಸಂತೆ ನೆನಪಿಗೆ ಬರುತ್ತದೆ. ಒಬ್ಬರಿಗೆ ಮಲಯಾಳ, ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಕನ್ನಡ, ಬ್ಯಾರಿ, ಕೊಂಕಣಿ. ಎಷ್ಟು ನೀರು ಕುಡಿಯಬೇಕು, ಯಾವ ಟಾಯ್ಲೆಟ್, ಎಷ್ಟು ಹೊತ್ತು ಮಾತಾಡದೆ ಮಲಗಬೇಕು ಎಂಬುದನ್ನು ಚುಚ್ಚಿದ ಮೇಲೆ ಮಂಚದ ಪಕ್ಕ ನಿಂತು ಎರಡೆರಡು ಸಲ ವಿವರಿಸಿದರೆ, ಹತ್ತು ನಿಮಿಷಕ್ಕೆ ಐದಾರು ಮೈಕ್ರೋಸೀವರ್ಟ್. ವರ್ಷವಿಡೀ ಕೂಡಿಸಿದರೆ ಅದು ಎದೆಯ ಬ್ಯಾಡ್ಜಿನಲ್ಲಿ ಕಾಣುವ ಮೊತ್ತ. ಎಲ್ಲವನ್ನೂ ಮೊದಲೇ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಕನ್ನಡ ಮಲಯಾಳಗಳಲ್ಲಿ ಅಚ್ಚು ಹಾಕಿದ ಚೀಟಿ ಕೊಟ್ಟು, ಕ್ಯಾನುಲಾ ಹಾಕಿ ಸಲೈನ್ ಹಾಯಿಸಿ ನೋಡಿ, ಕಟ್ಟಕಡೆಗೆ ಮದ್ದು ಕೊಡುವುದು ಸರಿಯಾದ ಕ್ರಮ. ನಾಲ್ಕು ಭಾಷೆ ಬಲ್ಲ ನಮ್ಮ ಹುಡುಗಿಯರು ಈ ಕೆಲಸದಲ್ಲಿ ಎತ್ತಿದ ಕೈ.

ಬ್ಯಾಡ್ಜ್ ನೋಡುವುದು, ನೋಡದಿರುವುದು

ನಮ್ಮ ದೇಶದಲ್ಲಿ ಎದೆಗೆ ಹಾಕುವ ಟಿಎಲ್‌ಡಿ ಬ್ಯಾಡ್ಜಿನೊಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಚಿಕ್ಕ ಬಿಲ್ಲೆಗಳಿರುತ್ತವೆ. ಬಿದ್ದ ಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಮೂರು ತಿಂಗಳ ಬಳಿಕ ಲ್ಯಾಬಿನಲ್ಲಿ ಬಿಸಿ ಮಾಡಿದಾಗ ಬೆಳಕಾಗಿ ಬಿಟ್ಟುಕೊಡುತ್ತವೆ. ಆ ಬೆಳಕು ಎಷ್ಟು ಎಂಬುದೇ ಡೋಸಿನ ಲೆಕ್ಕ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ 1983ರಲ್ಲಿ ಸ್ಥಾಪನೆಯಾದ ಎಇಆರ್‌ಬಿ ಹಾಕಿದ ಮಿತಿಯಂತೆ ವೃತ್ತಿಯವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ 1. ಪ್ರಕೃತಿಯಿಂದಲೇ ಜಗತ್ತಿನ ಜನರಿಗೆ ಸರಾಸರಿ 2.4 ಬೀಳುತ್ತದೆ. ಕೇರಳದ ತೆಂಕಣ ಕರಾವಳಿಯ ಕರುನಾಗಪಳ್ಳಿಯಲ್ಲಿ ಮೋನಜೈಟ್ ಮರಳಿನಿಂದಾಗಿ ಅದಕ್ಕಿಂತಲೂ ಬಹಳ ಹೆಚ್ಚು.

ಗರ್ಭಿಣಿಯರಿಗೆ ನಿಯಮ ಬೇರೆ. ಗರ್ಭ ನಿಂತದ್ದು ತಿಳಿಸಿದ ಮೇಲೆ ಉಳಿದ ಅವಧಿಗೆ ಮಗುವಿಗೆ ಬೀಳುವ ಡೋಸ್ 1 ಮಿಲಿಸೀವರ್ಟ್ ಮೀರಬಾರದು. ಅಂಥವರನ್ನು ಹಾಟ್ ಲ್ಯಾಬ್, ಅಯೋಡಿನ್, ಇಂಜೆಕ್ಷನ್ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಬೇಕು. ತಿಳಿಸದಿದ್ದರೆ ಯಾರೂ ಏನೂ ಮಾಡಲಾರರು. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ಇದೆ. ಈ ಕೆಲಸದಲ್ಲಿರುವವರು ಆ ರೂಢಿಯನ್ನು ವಿಕಿರಣ ಸುರಕ್ಷತಾ ಅಧಿಕಾರಿಯ ಮಟ್ಟಿಗಾದರೂ ಮುರಿಯಬೇಕು.

ಬೆರಳಿಗೆ ಉಂಗುರದ ಬ್ಯಾಡ್ಜ್ ಬೇರೆಯೇ ಇದೆ. ಹಿಡಿದು ನಿಲ್ಲುವ ಕೈಯ ತೋರುಬೆರಳಿನ ಬುಡಕ್ಕೆ, ಬಿಲ್ಲೆ ಅಂಗೈ ಕಡೆಗೆ ಇರುವಂತೆ, ಗ್ಲೌಸಿನ ಒಳಗೆ ಹಾಕಬೇಕು. ಮದುವೆ ಉಂಗುರದಂತೆ ಅಂದ ನೋಡಿ ಹೊರಮುಖವಾಗಿ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಸರಿಯಾಗಿ ಹಾಕಿದರೂ ಅದು ಬುಡದ ಲೆಕ್ಕ ಮಾತ್ರ. ತುದಿಗೆ ಬಿದ್ದದ್ದು ತಿಳಿಯಲು ಆರರಿಂದ ಗುಣಿಸಿ ಎಂದು ಅದೇ ಯುರೋಪಿನ ಅಧ್ಯಯನ ಸೂಚಿಸಿತು. ಉಂಗುರ ನೂರು ತೋರಿಸಿದರೆ ತುದಿ ಆರುನೂರು, ಅಂದರೆ ಮಿತಿ ಮೀರಿತು.

ಬ್ಯಾಡ್ಜ್‌ಗಳ ಕಟ್ಟಿನಲ್ಲಿ ಯಾರ ಹೆಸರೂ ಇಲ್ಲದ ಒಂದು ಬ್ಯಾಡ್ಜ್ ಬರುತ್ತದೆ. ಅದು ಕಂಟ್ರೋಲ್. ದಾರಿಯಲ್ಲಿ, ಕಟ್ಟಡದಲ್ಲಿ ಸಹಜವಾಗಿ ಬಿದ್ದ ಡೋಸ್ ಎಷ್ಟೆಂದು ಅದು ಹೇಳುತ್ತದೆ, ಅಷ್ಟನ್ನು ಎಲ್ಲರ ಲೆಕ್ಕದಿಂದ ಕಳೆಯುತ್ತಾರೆ. ಆದ್ದರಿಂದ ಅದನ್ನು ವಿಕಿರಣವಿಲ್ಲದ ಜಾಗದಲ್ಲಿ ಇಡಬೇಕು. ಗೊತ್ತಿಲ್ಲದೆ ಯಾರೋ ಅದನ್ನು ಹಾಟ್ ಲ್ಯಾಬಿನ ಗೋಡೆಯ ಮೊಳೆಗೆ ತೂಗುಹಾಕಿದರೆ ಇಡೀ ವಿಭಾಗದ ರಿಪೋರ್ಟು ಸೊನ್ನೆಯ ಹತ್ತಿರ ಬರುತ್ತದೆ, ಎಲ್ಲರಿಗೂ ಖುಷಿ. ಬ್ಯಾಡ್ಜ್ ಸಿಕ್ಕಿಸಿದ ಕೋಟನ್ನು ಇಂಜೆಕ್ಷನ್ ಕೋಣೆಯಲ್ಲಿ ಮರೆತು ಹೋದರೆ ಇದರ ತದ್ವಿರುದ್ಧ. ಹಾಕದ ವ್ಯಕ್ತಿಗೆ ಭಾರೀ ಡೋಸ್ ಬಂದಂತೆ ಕಾಣಿಸಿ, ವಿವರಣೆ ಬರೆದು ಕೊಡುವಷ್ಟರಲ್ಲಿ ಸುಸ್ತಾಗುತ್ತದೆ.

ಮುಂದಿನ ವರ್ಷಗಳಲ್ಲಿ ಈ ಕೋಣೆಗಳಿಗೆ ಚಿಕಿತ್ಸೆಯ ಮದ್ದುಗಳು ಹೆಚ್ಚು ಬರಲಿವೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲುಟೀಷಿಯಂ-177 ಈಗಾಗಲೇ ಬಂದಾಗಿದೆ. ಒಂದು ಸಲಕ್ಕೆ 200 ಮಿಲಿಕ್ಯೂರಿ, ಅರ್ಧಾಯುಷ್ಯ 6.6 ದಿನ. ಆಕ್ಟೀನಿಯಂ-225ರಂಥ ಆಲ್ಫಾ ಮದ್ದಿನಲ್ಲಿ ತಡೆಯ ಚಿಂತೆ ಕಡಿಮೆ, ಗ್ಲೌಸು, ಹುಡ್, ಶುಚಿತ್ವದ ಚಿಂತೆ ಹೆಚ್ಚು. ಆಲ್ಫಾ ಕಣ ಚರ್ಮ ದಾಟದು, ಆದರೆ ಹೊಟ್ಟೆಗೋ ಶ್ವಾಸಕ್ಕೋ ಹೋದರೆ ಹಾನಿ ದೊಡ್ಡದು.

ಹೊಸದಾಗಿ ಕೆಲಸಕ್ಕೆ ಸೇರುವವರು ಸಂಬಳ, ಹಾಸ್ಟೆಲ್ ಕೇಳುವಾಗ ಜೊತೆಗೆ ಇದನ್ನೂ ಕೇಳಿ: ಉಂಗುರದ ಬ್ಯಾಡ್ಜ್ ಕೊಡುತ್ತೀರಾ, ನೀವು ಬಳಸುವ ಪ್ರತಿ ಅಳತೆಯ ಸಿರಿಂಜಿಗೆ ಕವಚ ಇದೆಯಾ, ಹೋದ ವರ್ಷದ ಡೋಸ್ ರಿಪೋರ್ಟು ನೋಡಬಹುದಾ, ಸುರಕ್ಷತಾ ಅಧಿಕಾರಿ ಯಾರು, ಅವರು ವಾರದಲ್ಲಿ ಎಷ್ಟು ದಿನ ಇರುತ್ತಾರೆ. ಹಾಟ್ ಲ್ಯಾಬ್ ತೋರಿಸಿದಾಗ ಇಕ್ಕಳ ಎಲ್ಲಿದೆ ನೋಡಿ. ಎಲ್-ಬೆಂಚಿನ ಪಕ್ಕ, ಕೈಗೆ ಸಿಗುವಂತೆ, ಹಿಡಿಯ ಬಣ್ಣ ಸವೆದು ಹೋಗಿದ್ದರೆ ಒಳ್ಳೆಯ ವಿಭಾಗ.